ಹೆಸರು ಬದಲಿಸಿದರೆ ವರ್ಡ್ ಫೈಲ್ ಪಿಡಿಎಫ್ ಆಗುತ್ತದೆಯೇ? ನೂರಾರು ಫೈಲುಗಳನ್ನು ಒಟ್ಟಿಗೆ ಬದಲಿಸುವುದು ಹೇಗೆ?

ರಾಶಿ ವರ್ಡ್ ಫೈಲುಗಳನ್ನು ಪಿಡಿಎಫ್ ಮಾಡುವ ಕೆಲಸ ತಲೆಗೆ ಬಿದ್ದಾಗ ಯಾರಾದರೊಬ್ಬರು ಈ ಸಲಹೆ ಕೊಟ್ಟೇ ಕೊಡುತ್ತಾರೆ: ಫೈಲಿನ ಹೆಸರಿನ ಕೊನೆಯಲ್ಲಿರುವ ‘ಡಾಕ್ಸ್’ ಅಳಿಸಿ ‘ಪಿಡಿಎಫ್’ ಎಂದು ಬರೆಯಿರಿ, ಮುಗಿಯಿತು. ಹಾಗೆ ಮಾಡಿದರೆ ಫೋನಿನಲ್ಲಿ ಪಿಡಿಎಫ್ ಗುರುತು ಕೂಡ ಮೂಡಬಹುದು. ತೆರೆಯಲು ಹೋದರೆ ಮಾತ್ರ ‘ಫೈಲ್ ಕೆಟ್ಟಿದೆ’ ಎಂಬ ಸಂದೇಶ.

ಫೈಲ್ ಕೆಟ್ಟಿರುವುದಿಲ್ಲ. ಹಳೆಯ ಹೆಸರನ್ನೇ ಮತ್ತೆ ಕೊಟ್ಟು ನೋಡಿ, ವರ್ಡ್‌ನಲ್ಲಿ ತೆರೆದುಕೊಳ್ಳುತ್ತದೆ. ಹೆಸರಿನ ಕೊನೆಯ ಆ ಮೂರು ನಾಲ್ಕು ಅಕ್ಷರಗಳು ಡಬ್ಬಿಗೆ ಅಂಟಿಸಿದ ಚೀಟಿ ಇದ್ದಂತೆ. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಚೀಟಿ ಹಚ್ಚಿದರೆ ಕಾಫಿ ಸಿಹಿಯಾಗುವುದಿಲ್ಲ.

ಇದರಲ್ಲೊಂದು ತಮಾಷೆ ಇದೆ. ಹೆಸರನ್ನು ‘ಜಿಪ್’ ಎಂದು ಬದಲಿಸಿದರೆ ಮಾತ್ರ ಅದು ನಿಜಕ್ಕೂ ತೆರೆಯುತ್ತದೆ! ವರ್ಡ್ 2007ರಿಂದ ಬಳಕೆಗೆ ಬಂದ ಡಾಕ್ಸ್ ಫೈಲ್ ಮೂಲತಃ ಒಂದು ಜಿಪ್ ಗಂಟು. ಒಳಗೆ ಪಠ್ಯಕ್ಕೊಂದು, ಅಕ್ಷರ ಶೈಲಿಗೊಂದು, ಚಿತ್ರಗಳಿಗೊಂದು ಎಂದು ಹಲವು ಸಣ್ಣ ಫೈಲುಗಳಿರುತ್ತವೆ. ನಂಬಿಕೆ ಬಾರದಿದ್ದರೆ ಒಂದು ಪ್ರತಿ ಮಾಡಿಕೊಂಡು ನೀವೇ ನೋಡಿ.

ಪಿಡಿಎಫ್ ಬೇರೆಯೇ ಜಾತಿ. ಅಡೋಬಿ ಕಂಪನಿ 1993ರಲ್ಲಿ ಹೊರತಂದ ಈ ಮಾದರಿ 2008ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ‘ಇದೊಂದು ಪ್ಯಾರಾ, ಇದು ದಪ್ಪ ಅಕ್ಷರ’ ಎಂದಷ್ಟೇ ವರ್ಡ್ ಫೈಲ್ ಹೇಳುತ್ತದೆ. ಸಾಲು ಎಲ್ಲಿ ಮುರಿಯಬೇಕು ಎಂಬುದನ್ನು ತೆರೆದಾಗ ಲೆಕ್ಕ ಹಾಕಲಾಗುತ್ತದೆ. ಪಿಡಿಎಫ್‌ನಲ್ಲಿ ಯಾವ ಅಕ್ಷರ ಪುಟದ ಯಾವ ಜಾಗದಲ್ಲಿ ಕೂರಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಅಂದರೆ ಒಂದನ್ನು ಇನ್ನೊಂದಾಗಿಸಲು ಯಾರಾದರೂ ಕೂತು ಪುಟ ಕಟ್ಟಲೇಬೇಕು. ಆ ಕೆಲಸವನ್ನು ತಂತ್ರಾಂಶ ಮಾಡುತ್ತದೆ.

ನೂರಾರು ಫೈಲುಗಳಿದ್ದರೆ?

ಒಂದೆರಡು ಫೈಲುಗಳಿಗೆ ಫೋನೇ ಸಾಕು. ವರ್ಡ್ ಅಥವಾ ಗೂಗಲ್ ಡಾಕ್ಸ್ ಆ್ಯಪ್‌ನಲ್ಲಿ ತೆರೆದು ಪ್ರಿಂಟ್ ಒತ್ತಿ, ಪ್ರಿಂಟರ್ ಬದಲು ಪಿಡಿಎಫ್ ಆಗಿ ಉಳಿಸುವ ಆಯ್ಕೆ ಆರಿಸಿದರಾಯಿತು. ರಾಶಿ ಇದ್ದರೆ ಕಂಪ್ಯೂಟರ್ ಬೇಕು. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ಗೆ ‘ಹೆಡ್‌ಲೆಸ್’ ಎಂಬ ವಿಧಾನವಿದೆ. ಇದರಲ್ಲಿ ಪರದೆಯ ಮೇಲೆ ಯಾವ ಕಿಟಕಿಯೂ ತೆರೆಯುವುದಿಲ್ಲ. ಕಮಾಂಡ್ ಕಿಟಕಿಯಲ್ಲಿ ಒಂದು ಸಾಲು ಆದೇಶ ಕೊಟ್ಟರೆ ಫೋಲ್ಡರಿನಲ್ಲಿರುವ ಎಲ್ಲ ವರ್ಡ್ ಫೈಲುಗಳೂ ಒಂದಾದ ಮೇಲೊಂದು ಪಿಡಿಎಫ್ ಆಗಿ ಬೇರೆ ಫೋಲ್ಡರಿನಲ್ಲಿ ಬಂದು ಬೀಳುತ್ತವೆ. ಆ ಸಾಲಿನಲ್ಲಿ ಹೇಳಬೇಕಾದದ್ದು ಇಷ್ಟೇ: ಕಿಟಕಿ ಬೇಡ, ಯಾವ ಮಾದರಿಗೆ ಬದಲಿಸಬೇಕು, ಎಲ್ಲಿ ಇಡಬೇಕು, ಯಾವ ಫೈಲುಗಳು. ಅದೇ ಸಾಲನ್ನು ಒಂದು ಸಣ್ಣ ಫೈಲಿನಲ್ಲಿ ಉಳಿಸಿಕೊಂಡರೆ ಮುಂದಿನ ಬಾರಿ ಎರಡು ಸಲ ಕ್ಲಿಕ್ ಮಾಡಿದರೆ ಸಾಕು.

ಎರಡು ಎಚ್ಚರಿಕೆ. ಒಂದೇ ಹೆಸರಿನ ಹಳೆಯ ‘ಡಾಕ್’ ಫೈಲೂ ಹೊಸ ‘ಡಾಕ್ಸ್’ ಫೈಲೂ ಇದ್ದರೆ ಎರಡಕ್ಕೂ ಒಂದೇ ಹೆಸರಿನ ಪಿಡಿಎಫ್ ಆಗುತ್ತದೆ; ಎರಡನೆಯದು ಮೊದಲನೆಯದನ್ನು ಹೇಳದೆ ಕೇಳದೆ ಅಳಿಸಿಹಾಕುತ್ತದೆ. ಹಾಗಾಗಿ ಮುಗಿದ ಮೇಲೆ ಎರಡೂ ಕಡೆ ಫೈಲುಗಳನ್ನು ಎಣಿಸಿ. ಇನ್ನೊಂದು ಅಕ್ಷರದ ವಿಷಯ. ಕನ್ನಡದ ಮಟ್ಟಿಗೆ ದೊಡ್ಡ ತಲೆನೋವು ಇದೇ.

ನುಡಿ ಅಕ್ಷರ ಯಾಕೆ ಇಂಗ್ಲಿಷ್ ಆಗುತ್ತದೆ?

ಕಚೇರಿಯ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿದ್ದ ಸುತ್ತೋಲೆ ನಿಮ್ಮ ಫೋನಿಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ರಾಶಿಯಾಗಿ ಕಂಡಿದೆಯೇ? ಅದು ವೈರಸ್ ಎಂದು ಹೆದರುವವರೂ ಇದ್ದಾರೆ. ವೈರಸ್ ಅಲ್ಲ. ಹಳೆಯ ನುಡಿ, ಬರಹ ಮೊದಲಾದ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಸುವುದು ಕನ್ನಡವನ್ನಲ್ಲ. ನುಡಿಯಲ್ಲಿ ‘ಕ’ ಎಂದು ಕಾಣುವುದು ಒಳಗೆ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ಒಂದು ‘ಎ’. ‘ನ’ ಶುರುವಾಗುವುದೇ ಪೌಂಡ್ ಚಿಹ್ನೆಯಿಂದ. ಫಾಂಟ್ ಎಂಬ ಮುಖವಾಡ ಇರುವವರೆಗೆ ಕನ್ನಡ. ಕಳಚಿದರೆ ಪಿ, ಎ, ಪೌಂಡ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪಿಡಿಎಫ್ ಮಾಡಿದರೆ ಆ ಗೋಜಲೇ ಪುಟದ ಮೇಲೆ ಶಾಶ್ವತವಾಗಿ ಕೂರುತ್ತದೆ.

ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾಡಿದರೆ ಪಿಡಿಎಫ್ ನೋಡಲು ಚೆನ್ನಾಗಿರುತ್ತದೆ, ಏಕೆಂದರೆ ಫಾಂಟ್ ಕೂಡ ಅದರೊಳಗೆ ಸೇರಿಕೊಳ್ಳುತ್ತದೆ. ಆದರೆ ಅದರಲ್ಲಿ ‘ಪಿಂಚಣಿ’ ಎಂದು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗಾಗಿ ಓದಿ ಹೇಳುವ ತಂತ್ರಾಂಶ ಅದನ್ನು ಕನ್ನಡವಾಗಿ ಓದುವುದಿಲ್ಲ. ಹಾಗಾಗಿ ಹಳೆಯ ಕಡತಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಪಿಡಿಎಫ್ ಮಾಡಬೇಕು. ಈ ಕ್ರಮ ತಲೆಕೆಳಗಾಗಬಾರದು. ನುಡಿ, ಬರಹ ತಂತ್ರಾಂಶಗಳಲ್ಲೇ ಇದಕ್ಕೆ ಪರಿವರ್ತಕಗಳಿವೆ.

ಇದು ಬರೀ ‘ಇದರ ಜಾಗಕ್ಕೆ ಅದು’ ಎಂಬ ಲೆಕ್ಕವಲ್ಲ. ‘ಧರ್ಮ’ ಎಂಬ ಪದದ ಅರ್ಕಾವತ್ತನ್ನೇ ತೆಗೆದುಕೊಳ್ಳಿ. ನುಡಿಯಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ‘ಮ’ದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ‘ರ್’ ಮೊದಲು, ‘ಮ’ ಆಮೇಲೆ. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಇನ್ನು ಕಡತದ ನಡುವೆ ಬೇರೆ ಫಾಂಟಿನಲ್ಲಿ ನಿಜವಾದ ಇಂಗ್ಲಿಷ್ ಪದಗಳಿದ್ದರೆ, ಇಮೇಲ್ ವಿಳಾಸವೋ ಪಾನ್ ಸಂಖ್ಯೆಯೋ ಇದ್ದರೆ, ಫಾಂಟ್ ಯಾವುದೆಂದು ನೋಡದ ಪರಿವರ್ತಕ ಅದನ್ನೂ ನುಡಿ ಎಂದೇ ತಿಳಿದು ವಿಚಿತ್ರ ಕನ್ನಡ ಮಾಡಿಬಿಡುತ್ತದೆ. ನನ್ನ ಮಟ್ಟಿಗೆ, ಹೆಸರು ಮತ್ತು ಸಂಖ್ಯೆಗಳಿರುವ ಕಡತವನ್ನು ಒಬ್ಬರು ಕಣ್ಣಿಟ್ಟು ಓದದೆ ಬಿಡಲೇಬಾರದು.

ಉಚಿತ ವೆಬ್‌ಸೈಟುಗಳು ಸುರಕ್ಷಿತವೇ?

ಅಂಥ ತಾಣಕ್ಕೆ ಫೈಲ್ ಹಾಕಿದರೆ ಅದು ಬೇರೊಬ್ಬರ ಕಂಪ್ಯೂಟರ್ ಸೇರುತ್ತದೆ. ನಕಲಿ ಫೈಲ್ ಪರಿವರ್ತಕ ತಾಣಗಳು ಕಂಪ್ಯೂಟರಿಗೆ ದುಷ್ಟ ತಂತ್ರಾಂಶ ಸೇರಿಸುತ್ತವೆ, ಫೈಲಿನಲ್ಲಿರುವ ಖಾಸಗಿ ಮಾಹಿತಿ ಕದಿಯುತ್ತವೆ ಎಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು. ಮದುವೆ ಕರೆಯೋಲೆಯಾದರೆ ಹೋಗಲಿ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ವೈದ್ಯರ ವರದಿ ಇರುವ ಫೈಲನ್ನು ಅಲ್ಲಿಗೆ ಹಾಕಬೇಡಿ. ವಾಟ್ಸಾಪ್‌ನಲ್ಲಿ ‘ಪಿಡಿಎಫ್ ಕನ್ವರ್ಟರ್’ ಎಂದು ಬರುವ ಎಪಿಕೆ ಫೈಲನ್ನಂತೂ ಮುಟ್ಟಲೇಬೇಡಿ.

ಪಿಡಿಎಫ್ ಮಾಡಿದರೆ ಯಾರೂ ತಿದ್ದಲಾರರು ಎಂಬುದೂ ತಪ್ಪು. ತಿದ್ದುವ ತಂತ್ರಾಂಶಗಳು ಬೇಕಾದಷ್ಟಿವೆ. ಹಾಗೆಯೇ ಪಿಡಿಎಫ್ ಆಯಿತಲ್ಲ ಎಂದು ಮೂಲ ವರ್ಡ್ ಫೈಲನ್ನು ಅಳಿಸಬೇಡಿ. ಯೂನಿಕೋಡ್‌ನಲ್ಲೇ ಇದ್ದರೂ, ಪಿಡಿಎಫ್‌ನಿಂದ ಕನ್ನಡವನ್ನು ಪ್ರತಿ ಮಾಡಿ ಬೇರೆಡೆ ಅಂಟಿಸಿದಾಗ ಒತ್ತಕ್ಷರ, ಕೊಂಬುಗಳು ಕಲಸಿಹೋಗುವುದುಂಟು. ನಾಳೆ ಒಂದು ದಿನಾಂಕ ಬದಲಿಸಬೇಕಾದರೂ ಬೇಕಾಗುವುದು ಆ ಮೂಲ ಫೈಲೇ.