ಉತ್ತರ ಕರ್ನಾಟಕದ ಚಹಾ ವಿರಾಮ

ಚಹಾ ವಿರಾಮ ಎಂಬುದು ಉತ್ತರ ಕರ್ನಾಟಕದ ಜನರು ದಿನದ ದುಡಿಮೆಯ ನಡುವೆ ಕೆಲಸವನ್ನು ನಿಲ್ಲಿಸಿ, ಜೊತೆಗೂಡಿ ಕುಳಿತು ಚಹಾ ಸೇವಿಸುವ ರೂಢಿ. ಗದಗ, ಧಾರವಾಡ, ಹಾವೇರಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಹೊಲ, ಮಾರುಕಟ್ಟೆ, ಕಚೇರಿ ಹಾಗೂ ಮನೆಗಳಲ್ಲಿ ಇದು ಬಳಕೆಯಲ್ಲಿದೆ. ಸ್ವೀಡನ್ ದೇಶದ 'ಫೀಕಾ' ಎಂಬ ಕಾಫಿ ವಿರಾಮಕ್ಕೂ ಇದಕ್ಕೂ ಹಲವು ಹೋಲಿಕೆಗಳಿವೆ. ಎರಡರಲ್ಲಿಯೂ ಪಾನೀಯಕ್ಕಿಂತ ಒಟ್ಟಿಗೆ ಕಳೆಯುವ ಬಿಡುವಿಗೆ ಹೆಚ್ಚು ಬೆಲೆ.

ಹೆಸರು

ಗ್ರಾಂಥಿಕ ಕನ್ನಡದಲ್ಲಿ 'ಚಹಾ' ಎಂದು ಬರೆಯುವ ಪದವು ಈ ಭಾಗದ ಆಡುಮಾತಿನಲ್ಲಿ 'ಚಾ' ಆಗುತ್ತದೆ. 'ಚಹಾ' ಎಂಬ ರೂಪ ಮರಾಠಿಯಲ್ಲಿಯೂ ಇದೆ. ಚಹಾ ಮಾರುವ ಸ್ಥಳಕ್ಕೆ 'ಚಾದಂಗಡಿ' ಎಂದೂ, ತಿನಿಸು ಸಹ ದೊರೆಯುವಂತಿದ್ದರೆ 'ಹೊಟೇಲ' ಎಂದೂ ಕರೆಯುತ್ತಾರೆ. ಮನೆಗೆ ಬಂದವರಿಗೆ "ಚಾ ಕುಡದ ಹೋಗ್ರಿ" ಎನ್ನುವುದು ಉಪಚಾರದ ಮೊದಲ ಮಾತು. ಅದರಲ್ಲಿ 'ಸ್ವಲ್ಪ ಹೊತ್ತು ಕುಳಿತುಕೊಳ್ಳಿ' ಎಂಬ ಅರ್ಥವೂ ಅಡಗಿದೆ.

ಇತಿಹಾಸ

ಅಸ್ಸಾಮಿನಲ್ಲಿ ಚಹಾದ ವಾಣಿಜ್ಯ ಬೆಳೆ 1830ರ ದಶಕದಲ್ಲಿ ಆರಂಭವಾಯಿತು. ಆದರೆ ಬಹುಕಾಲ ಅದು ಮುಖ್ಯವಾಗಿ ರಫ್ತಿನ ಸರಕಾಗಿತ್ತು. 1903ರಲ್ಲಿ ಚಹಾ ರಫ್ತಿನ ಮೇಲೆ ವಿಶೇಷ ಕರ ವಿಧಿಸುವ ಕಾಯ್ದೆ ಬಂದಿತು. ಅದರಿಂದ ಬಂದ ಹಣವನ್ನು ಚಹಾ ಪ್ರಚಾರಕ್ಕೆ ಬಳಸಲಾಯಿತು. ಮುಂದಿನ ದಶಕಗಳಲ್ಲಿ ರೈಲು ನಿಲ್ದಾಣಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಚಹಾ ಮಾರಾಟ ಹಬ್ಬಿತು. ಈ ಪ್ರಚಾರಕ್ಕೆ ವಿರೋಧವೂ ಇತ್ತು. ಮಹಾತ್ಮ ಗಾಂಧಿಯವರು ಆರೋಗ್ಯದ ಕುರಿತ ತಮ್ಮ ಬರಹಗಳಲ್ಲಿ ಚಹಾ ಸೇವನೆಯನ್ನು ಟೀಕಿಸಿದ್ದಾರೆ. 1930ರ ದಶಕದಿಂದ ಬಳಕೆಗೆ ಬಂದ 'ಸಿಟಿಸಿ' ಯಂತ್ರದ ಹರಳು ಚಹಾಪುಡಿ ಕಡಿಮೆ ಪ್ರಮಾಣದಲ್ಲಿಯೇ ಹೆಚ್ಚು ಬಣ್ಣ ಮತ್ತು ಕಡಕು ನೀಡುತ್ತಿದ್ದುದರಿಂದ, ಕಾಲಾಂತರದಲ್ಲಿ ಚಹಾ ಬಡವರ ಕೈಗೂ ಎಟುಕುವಂತಾಯಿತು.

ಗದಗಕ್ಕೆ 1880ರ ದಶಕದಲ್ಲಿ ರೈಲು ಬಂದಿತು. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಊರು ಹತ್ತಿ ವ್ಯಾಪಾರದ ಕೇಂದ್ರವಾಗಿ ಬೆಳೆಯಿತು. ಜೋಡಿ ನಗರವಾದ ಬೆಟಗೇರಿ ನೇಕಾರಿಕೆಗೆ ಹೆಸರಾಗಿದೆ. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಭಾರತದ ಕಾಫಿ ಉತ್ಪಾದನೆಯ ಬಹುಪಾಲು ಕರ್ನಾಟಕದ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಿಂದಲೇ ಬರುತ್ತದೆ. ಹಾಗಿದ್ದರೂ ರಾಜ್ಯದ ಉತ್ತರ ಭಾಗದಲ್ಲಿ ನಿತ್ಯದ ಪಾನೀಯವಾಗಿ ನೆಲೆಯೂರಿದ್ದು ಚಹಾ.

ದಿನಚರಿಯಲ್ಲಿ ಚಹಾ

ಗದಗ ತಾಲ್ಲೂಕಿನ ಅಂತೂರ-ಬೆಂತೂರದಂತಹ ಹಳ್ಳಿಗಳ ಸುತ್ತಲಿನ ಬಯಲುಸೀಮೆಯಲ್ಲಿ ಹತ್ತಿ, ಹೆಸರು, ಶೇಂಗಾ, ಉಳ್ಳಾಗಡ್ಡಿ, ಜೋಳ ಹಾಗೂ ಕಡಲೆ ಪ್ರಮುಖ ಬೆಳೆಗಳು. ಬೆಳಗಿನ ಮೊದಲ ಚಹಾ ಮನೆಯಲ್ಲಿ, ಹೊಲಕ್ಕೆ ಹೊರಡುವ ಮುನ್ನ. ಕಳೆ ಕೀಳುವ, ಹತ್ತಿ ಬಿಡಿಸುವ ದಿನಗಳಲ್ಲಿ ಅನೇಕ ಕಡೆ ಹೊಲದ ಒಡೆಯರ ಮನೆಯಿಂದ ಕಿಟ್ಲಿಯಲ್ಲಿಯೋ ಥರ್ಮಾಸಿನಲ್ಲಿಯೋ ಚಹಾ ಬರುತ್ತದೆ. ಆಗ ಆಳುಗಳು ಬದುವಿನ ಮೇಲೆ ಅಥವಾ ಮರದ ನೆರಳಿನಲ್ಲಿ ಕುಳಿತು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ದಿನವಿಡೀ ಬಾಗಿ ದುಡಿಯುವವರಿಗೆ ಈ ಹತ್ತು-ಹದಿನೈದು ನಿಮಿಷ ನಿಜವಾದ ವಿಶ್ರಾಂತಿ.

ಪೇಟೆಯಲ್ಲಿ ಮಾಲು ತೂಗಿ ಲೆಕ್ಕ ಮುಗಿಯುವವರೆಗೆ ಕಾಯುವ ರೈತರಿಗೆ ಅಡತಿ ಅಂಗಡಿಯವರು ಚಹಾ ತರಿಸುವ ವಾಡಿಕೆ ಇದೆ. ಹಮಾಲರು ಚೀಲ ಇಳಿಸಿ ಮುಗಿಸಿದ ಮೇಲೆ ಗುಂಪಾಗಿ ಚಾದಂಗಡಿಗೆ ತೆರಳುತ್ತಾರೆ. ಇಳಿಹೊತ್ತಿನ ಚಹಾದ ಜೊತೆ ಮಳೆ, ಬೆಳೆಯ ದರ, ಮದುವೆ, ರಾಜಕೀಯಗಳ ಚರ್ಚೆ ನಡೆಯುತ್ತದೆ. ಒಂದೇ ದಿನಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುವುದು, ಅಕ್ಷರ ಬಾರದವರಿಗೆ ಓದಿ ಹೇಳುವುದು ಚಾದಂಗಡಿಯ ಹಳೆಯ ರೂಢಿಗಳು.

ಚಹಾ ಮತ್ತು ತಿನಿಸು

ಇಲ್ಲಿಯ ಚಹಾವನ್ನು ಹಾಲು, ಸಕ್ಕರೆ ಅಥವಾ ಬೆಲ್ಲ, ಶುಂಠಿ, ಕೆಲವೊಮ್ಮೆ ಏಲಕ್ಕಿ ಸೇರಿಸಿ ಚೆನ್ನಾಗಿ ಕುದಿಸಿ ಮಾಡುತ್ತಾರೆ. ಹಿಂದಿನ ತಲೆಮಾರಿನವರು ಕಪ್ಪಿನ ಚಹಾವನ್ನು ಬಸಿಗೆ ಸುರಿದು, ಆರಿಸಿ ಕುಡಿಯುತ್ತಿದ್ದರು. ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳುವುದೂ ಸಾಮಾನ್ಯ.

ಜೊತೆಯ ತಿನಿಸುಗಳಲ್ಲಿ ಮಿರ್ಚಿ ಭಜಿ ಪ್ರಸಿದ್ಧವಾದುದು. ಉದ್ದನೆಯ ಹಸಿಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದು ಇದನ್ನು ತಯಾರಿಸುತ್ತಾರೆ. ಗಿರ್ಮಿಟ್ಟಿಗೆ ಉಳ್ಳಾಗಡ್ಡಿ, ಟೊಮೆಟೊ, ಹುಣಸೆಹಣ್ಣಿನ ಒಗ್ಗರಣೆಯಲ್ಲಿ ಚುರುಮುರಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಮತ್ತು ಕೊತ್ತಂಬರಿ ಉದುರಿಸುತ್ತಾರೆ.

ಸಮಾನತೆಯ ಪ್ರಶ್ನೆ

ಚಾದಂಗಡಿಯ ಬಾಗಿಲು ಎಲ್ಲರಿಗೂ ಒಂದೇ ರೀತಿ ತೆರೆದಿರಲಿಲ್ಲ. ಕರ್ನಾಟಕವೂ ಸೇರಿದಂತೆ ದೇಶದ ಅನೇಕ ಕಡೆ ದಲಿತರನ್ನು ಹೊರಗೆ ನಿಲ್ಲಿಸಿ, ಪ್ರತ್ಯೇಕ ಲೋಟದಲ್ಲಿ ಚಹಾ ಕೊಟ್ಟು, ಆ ಲೋಟವನ್ನು ಅವರೇ ತೊಳೆದಿಡುವಂತೆ ಮಾಡುವ ಪದ್ಧತಿ ಇತ್ತು. ದುಡಿಮೆಯಲ್ಲಿ ಜೊತೆಗಿದ್ದವರು ವಿರಾಮದ ವೇಳೆಯಲ್ಲಿ ಬೇರೆಯಾಗಬೇಕಾಗುತ್ತಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಅಂಗಡಿ ಹಾಗೂ ಸಾರ್ವಜನಿಕ ಉಪಾಹಾರಗೃಹಗಳ ಪ್ರವೇಶದಲ್ಲಿ ಜಾತಿಭೇದ ಮಾಡುವುದನ್ನು 15ನೇ ವಿಧಿ ನಿಷೇಧಿಸುತ್ತದೆ. ಇಂತಹ ಆಚರಣೆಗಳು 1955ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧಗಳಾದವು. ಈ ಕಾಯ್ದೆಗೆ 1976ರಲ್ಲಿ 'ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ' ಎಂಬ ಹೆಸರು ಬಂದಿತು. ಆದ್ದರಿಂದ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಬಗೆಯ ಲೋಟದಲ್ಲಿ ಚಹಾ ಕುಡಿಯುವುದು ಈ ಭಾಗದ ಸಾಮಾಜಿಕ ಬದಲಾವಣೆಯ ಅಳತೆಗೋಲುಗಳಲ್ಲಿ ಒಂದಾಗಿದೆ.

ಹಳ್ಳಿಯ ಚಾದಂಗಡಿ ಬಹುಮಟ್ಟಿಗೆ ಗಂಡಸರ ಕೂಟವಾಗಿಯೇ ಉಳಿದಿದೆ. ಹೆಂಗಸರ ಚಹಾ ಮನೆಯ ಪಡಸಾಲೆಯಲ್ಲಿ, ಹೊಲದಲ್ಲಿ ಇಲ್ಲವೆ ನೆರೆಮನೆಯಲ್ಲಿ ನಡೆಯುತ್ತದೆ. ಮನೆಯಲ್ಲಿ ಉಳಿದವರ ವಿರಾಮಕ್ಕೆ ಚಹಾ ಮಾಡಿಕೊಡುವ ಕೆಲಸವೂ ಸಾಮಾನ್ಯವಾಗಿ ಅವರ ಪಾಲಿಗೇ ಬರುತ್ತದೆ.

ಫೀಕಾದೊಂದಿಗೆ ಹೋಲಿಕೆ

'ಫೀಕಾ' ಎಂಬುದು ಕಾಫಿಯ ಹಳೆಯ ಸ್ವೀಡಿಷ್ ರೂಪವಾದ 'ಕಾಫಿ' ಪದದ ಉಚ್ಚಾರಾಂಶಗಳನ್ನು ಹಿಂದುಮುಂದಾಗಿಸಿ 19ನೇ ಶತಮಾನದಲ್ಲಿ ಹುಟ್ಟಿದ ಆಡುಮಾತು. ಸ್ವೀಡನ್ನಿನಲ್ಲಿ 1756ರಲ್ಲಿ ಮೊದಲ ಬಾರಿಗೆ, ಅನಂತರವೂ ಕೆಲವು ಬಾರಿ ಕಾಫಿಯನ್ನು ನಿಷೇಧಿಸಲಾಗಿತ್ತು. ಇಂದು ಅಲ್ಲಿಯ ಅನೇಕ ಕಚೇರಿಗಳಲ್ಲಿ ಬೆಳಿಗ್ಗೆ ಮತ್ತು ಮಧ್ಯಾಹ್ನ ಅಧಿಕಾರಿಗಳೂ ನೌಕರರೂ ಒಟ್ಟಿಗೆ ಕುಳಿತು ಕಾಫಿ ಹಾಗೂ ದಾಲ್ಚಿನ್ನಿಯ ಬನ್ನು ಸೇವಿಸುತ್ತಾರೆ. ಕಾಫಿಯನ್ನು ಬಸಿಗೆ ಸುರಿದು ಕುಡಿಯುವ ಹಳೆಯ ರೂಢಿ ಅಲ್ಲಿಯೂ ಇತ್ತು. ನೆರೆಯ ಫಿನ್ಲೆಂಡಿನಲ್ಲಿ ಕಾಫಿ ವಿರಾಮವು ಹಲವು ಉದ್ಯಮಗಳ ಕಾರ್ಮಿಕ ಒಪ್ಪಂದಗಳಲ್ಲಿಯೇ ಸೇರಿದೆ.

ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆಯು ಐದು ಗಂಟೆಗಳಿಗಿಂತ ಹೆಚ್ಚು ಕಾಲ ಬಿಡುವಿಲ್ಲದೆ ದುಡಿಸಬಾರದೆಂದೂ ಕನಿಷ್ಠ ಅರ್ಧ ಗಂಟೆಯ ವಿರಾಮ ಇರಬೇಕೆಂದೂ ವಿಧಿಸಿತ್ತು. ಹೊಲದ ಕೂಲಿಗೆ ಅದು ಅನ್ವಯಿಸುತ್ತಿರಲಿಲ್ಲ. ಅಲ್ಲಿ ವಿರಾಮವನ್ನು ಕಾಪಾಡಿಕೊಂಡು ಬಂದುದು ರೂಢಿಯೇ.

ಇತ್ತೀಚಿನ ಬದಲಾವಣೆಗಳು

ಕಪ್ಪು-ಬಸಿಯ ಸ್ಥಾನವನ್ನು ಗಾಜಿನ ಲೋಟ, ಅನಂತರ ಕಾಗದದ ಕಪ್ಪು ಆಕ್ರಮಿಸಿವೆ. ಬಳಸಿ ಎಸೆಯುವ ಕಪ್ಪಿನಿಂದ ಎಂಜಲಿನ ಪ್ರಶ್ನೆ ಮರೆಯಾದರೂ ಕಸದ ಸಮಸ್ಯೆ ಹೆಚ್ಚಿದೆ. ನಗರಗಳಲ್ಲಿ ನಿಂತೇ ಚಹಾ ಕುಡಿದು ಹೊರಡುವವರು, ಮೊಬೈಲ್ ನೋಡುತ್ತ ಒಬ್ಬರೇ ಕುಡಿಯುವವರು ಹೆಚ್ಚುತ್ತಿದ್ದಾರೆ. ಹಳ್ಳಿಗಳಲ್ಲಿ ಚಾದಂಗಡಿಯ ಮುಂದಿನ ಬೆಂಚು ಮತ್ತು ಕಟ್ಟೆಗಳು ಇಳಿಹೊತ್ತಿನಲ್ಲಿ ಇಂದಿಗೂ ಜನರಿಂದ ತುಂಬಿರುತ್ತವೆ.