ಗೆದ್ದಲಿನ ದಾರಿ: ಹರಿಹರದ ನೆಲದೊಳಗೆ ಊಟ ಹುಡುಕುವವರ ಕಥೆ

ನಮ್ಮ ರಾಜಕೀಯ ಭಾಷಣಗಳಲ್ಲಿ ಗೆದ್ದಲಿಗೆ ಇರೋದು ಒಂದೇ ಕೆಲಸ, ವ್ಯವಸ್ಥೆಗೆ ಹಿಡಿಯೋದು. ಬೈಗುಳ ಹಾಗಿರಲಿ. ನಿಜವಾದ ಗೆದ್ದಲು ನೆಲದೊಳಗೆ ಊಟ ಹುಡುಕೋದು ಹೇಗೆ ಅಂತ ಗೊತ್ತಾದರೆ, ದಾವಣಗೆರೆ ಸೀಮೆಯ ಹೊಲಗಳಲ್ಲಿ ವಿಷದ ಡಬ್ಬಿ ಯಾಕೆ ತೆರೆದುಕೊಳ್ಳುತ್ತದೆ ಅನ್ನೋದೂ ಅರ್ಥವಾಗುತ್ತದೆ.

ಕೆಲಸಗಾರ ಗೆದ್ದಲಿಗೆ ಕಣ್ಣು ಕಾಣಲ್ಲ. ಮೈ ಎಷ್ಟು ಮೃದು ಅಂದ್ರೆ, ಬಿಸಿಲು ಗಾಳಿಗೆ ಸ್ವಲ್ಪ ಹೊತ್ತು ಸಿಕ್ಕರೂ ಒಣಗಿ ಸಾಯುತ್ತದೆ. ಹಾಗಾಗಿ ಅದು ಹೋದಲ್ಲೆಲ್ಲ ತನ್ನ ಕತ್ತಲೆ, ತನ್ನ ತೇವವನ್ನು ಜೊತೆಗೇ ಒಯ್ಯಬೇಕು. ದವಡೆಯಿಂದ ಮಣ್ಣಿನ ಕಣ ಕಿತ್ತು, ಎಂಜಲಲ್ಲಿ ಕಲಸಿ, ಸುರಂಗದ ಗೋಡೆಗೆ ಮೆತ್ತುತ್ತಾ ಮುಂದೆ ಸಾಗುತ್ತದೆ. ನೆಲದ ಮೇಲೆ ಬರಬೇಕಾದರೆ ಅದೇ ಮಣ್ಣಿನಲ್ಲಿ ಕೊಳವೆ ಕಟ್ಟಿಕೊಂಡು ಬರುತ್ತದೆ. ಬೇವಿನ ಕಾಂಡದ ಮೇಲೆ ಮಣ್ಣು ಬಳಿದ ಹಾಗೆ ಕಾಣುತ್ತಲ್ಲ, ಅದು ಇದೇ. ಮರವನ್ನು ತಿಂದು ಮುಗಿಸಿತು ಅಂತ ಗಾಬರಿಯಾಗಬೇಕಿಲ್ಲ. ಬಹುತೇಕ ಸಲ ಅದು ಆ ಮಣ್ಣಿನ ಹೊದಿಕೆಯಡಿ ಸತ್ತ ತೊಗಟೆಯನ್ನಷ್ಟೇ ಕೆರೆಯುತ್ತಿರುತ್ತದೆ.

ದೂರದ ಕಟ್ಟಿಗೆಯ ವಾಸನೆ ಹಿಡಿದು ನೇರ ಹೊರಡುತ್ತದೆ ಅನ್ನೋದು ತಪ್ಪು ಕಲ್ಪನೆ. ಮೊದಲು ನಡೆಯೋದು ಹುಡುಕಾಟ. ಗೂಡಿನಿಂದ ಸುರಂಗಗಳು ಸುತ್ತಲೂ ಕವಲೊಡೆದು, ಆದಷ್ಟು ಒಂದರ ಜಾಗದಲ್ಲಿ ಇನ್ನೊಂದು ಬಾರದಂತೆ, ಹತ್ತಾರು ಮೀಟರ್ ಹರಡುತ್ತವೆ. ಯಾವುದೋ ಒಂದು ಕವಲಿಗೆ ಒಣ ಕಡ್ಡಿ ಸಿಗುತ್ತದೆ. ಸಿಕ್ಕ ಗೆದ್ದಲು ವಾಪಸ್ ಬರುವಾಗ ಹೊಟ್ಟೆಯ ಅಡಿಯ ಗ್ರಂಥಿಯಿಂದ ವಾಸನೆಯ ಗೆರೆ ಎಳೆಯುತ್ತದೆ. ಅದನ್ನು ಹಿಡಿದು ಇನ್ನಷ್ಟು ಮಂದಿ ಬರುತ್ತಾರೆ, ಗೆರೆ ದಪ್ಪವಾಗುತ್ತದೆ, ಸುರಂಗ ಅಗಲವಾಗುತ್ತದೆ. ಏನೂ ಸಿಗದ ಕವಲುಗಳಲ್ಲಿ ಓಡಾಟ ಕಡಿಮೆಯಾಗುತ್ತದೆ. ಯಾರೂ ಆದೇಶ ಕೊಡಲ್ಲ. ರಾಣಿ ಅಂತ ಹೆಸರಿದ್ದರೂ ಅವಳ ಕೆಲಸ ಮೊಟ್ಟೆ ಇಡೋದು.

ನಮ್ಮ ಕಡೆ ಹುತ್ತ ಕಟ್ಟುವ ಒಡಂಟೊಟರ್ಮಿಸ್ ಜಾತಿಯ ಗೆದ್ದಲಿಗೆ ಮರದ ಸೆಲ್ಯುಲೋಸನ್ನು ತಾನೊಬ್ಬನೇ ಜೀರ್ಣಿಸಿಕೊಳ್ಳಲು ಆಗಲ್ಲ. ಅಗಿದು ತಂದ ಕಡ್ಡಿ ಎಲೆಯನ್ನು ಹಿಕ್ಕೆಯಾಗಿ ಹಾಕಿ ಗೂಡಿನೊಳಗೆ ಜೇನುಹುಟ್ಟಿನಂಥ ತಟ್ಟೆ ಮಾಡಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ತಿನ್ನುತ್ತದೆ. ಮಳೆ ಬಿದ್ದಾಗ ಹುತ್ತದ ಸುತ್ತ ಏಳುವ ಅಣಬೆ ಆ ತೋಟದ್ದೇ. ನಮಗಿಂತ ಬಹಳ ಮೊದಲೇ ಬೇಸಾಯ ಕಲಿತವರು ಇವರು!

ಈಗ ಹೊಲಕ್ಕೆ ಬನ್ನಿ. ಹರಿಹರದ ನಾಲೆ ನೀರಿನ ಭತ್ತದ ಗದ್ದೆಯಲ್ಲಿ ಗೆದ್ದಲಿನ ಕಾಟ ಇಲ್ಲ, ನೀರು ನಿಂತಲ್ಲಿ ಸುರಂಗ ನಿಲ್ಲಲ್ಲ. ಎರೆಮಣ್ಣಿನಲ್ಲಿ ದೊಡ್ಡ ಹುತ್ತ ಅಪರೂಪ, ಉಬ್ಬಿ ಬಿರಿಯುವ ಮಣ್ಣು ಗೂಡನ್ನು ಒಡೆದುಬಿಡುತ್ತದೆ. ಕಾಟವೆಲ್ಲ ಜಗಳೂರಿನಂಥ ಮಳೆಯಾಶ್ರಿತ ಕೆಂಪು ನೆಲದ ಮೆಕ್ಕೆಜೋಳಕ್ಕೆ, ಅದೂ ಮಳೆ ಕೈಕೊಟ್ಟಾಗ. ಗೆದ್ದಲಿನ ಮೊದಲ ಆಯ್ಕೆ ಒಣಗಿದ್ದು, ಸತ್ತಿದ್ದು. ಹಿಂದಿನ ಬೆಳೆಯ ದಂಟು, ರವದಿ ಎಲ್ಲ ಗುಡಿಸಿ ಸುಟ್ಟು ಹೊಲವನ್ನು 'ಸ್ವಚ್ಛ' ಮಾಡಿದರೆ, ಆ ನೆಲದಲ್ಲಿ ತಿನ್ನೋಕೆ ಉಳಿಯೋದು ಬಾಡಿದ ಗಿಡದ ಬುಡ ಮಾತ್ರ.

ಇದೇ ತರ್ಕ ನೀಲಗಿರಿಗೂ ಅನ್ವಯಿಸುತ್ತದೆ, ಹರಿಹರದ ರಾಜಕೀಯವೂ ಇಲ್ಲೇ ಬರುತ್ತದೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಆಹಾರವೂ ಸೆಲ್ಯುಲೋಸೇ. 1984ರಲ್ಲಿ ರಾಜ್ಯ ಸರ್ಕಾರ ಇದರ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಸುಮಾರು 75,000 ಎಕರೆ ಹಳ್ಳಿಗರ ಸಾಮೂಹಿಕ ಭೂಮಿಯಲ್ಲಿ ಮುಖ್ಯವಾಗಿ ನೀಲಗಿರಿ ಬೆಳೆಸಲು ಹೊರಟಿತು. 'ಪಾಳು' ಅಂತ ಕರೆಸಿಕೊಂಡ ಆ ನೆಲದ ಹುಲ್ಲು ಕಟ್ಟಿಗೆಯಿಂದ ಹಳ್ಳಿಗಳ ದನ, ಒಲೆ ನಡೆಯುತ್ತಿದ್ದವು. ಶಿವರಾಮ ಕಾರಂತರು ಮತ್ತು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. 1991ರಲ್ಲಿ ಕಂಪನಿ ಮುಚ್ಚಿತು.

ಆ ಜಗಳದಲ್ಲಿ ಗೆದ್ದಲಿನ ಸುದ್ದಿ ಯಾರೂ ಹೆಚ್ಚು ಎತ್ತಲ್ಲ, ನನಗೆ ಅದು ಮುಖ್ಯ ಅನ್ನಿಸುತ್ತದೆ. ಎಳೆಯ ನೀಲಗಿರಿಯ ಬೇರನ್ನು ಗೆದ್ದಲು ನೆಲಮಟ್ಟದ ಕೆಳಗೇ ಕಡಿಯುತ್ತದೆ. ಅದಕ್ಕೆ ಆ ಕಾಲದ ನಾಟಿ ಪಾಠದಲ್ಲಿ ಸಸಿಯ ಮಣ್ಣಿಗೆ ಆಲ್ಡ್ರಿನ್‌ನಂಥ ವಿಷ ಬೆರೆಸೋದು ಮಾಮೂಲಾಗಿತ್ತು. ಆಲ್ಡ್ರಿನ್ ಆಮೇಲೆ ನಿಷೇಧವಾಯಿತು, ಅದರ ಜಾಗಕ್ಕೆ ಕ್ಲೋರ್‌ಪೈರಿಫಾಸ್ ಬಂತು. ಅದನ್ನೂ 2025ರ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು, ಕೆಲವು ವಿನಾಯಿತಿ ಇಟ್ಟುಕೊಂಡು, ನಿರ್ಮೂಲನೆಯ ಪಟ್ಟಿಗೆ ಸೇರಿಸಿವೆ. ಅದನ್ನು ಕೈಗವಸು ಇಲ್ಲದೆ ಬೆರೆಸಿ ಸಿಂಪಡಿಸುವ ಕೂಲಿಯವರು ಯಾವ ಸಭೆಯಲ್ಲೂ ಇರಲ್ಲ.

ಹಾಗಾದ್ರೆ ರೈತ ಏನು ಮಾಡಬೇಕು? ದಂಟನ್ನು ಸುಡದೆ ಸಾಲುಗಳ ನಡುವೆ ಬಿಟ್ಟರೆ ಗೆದ್ದಲಿಗೆ ಬೇರೆ ಊಟ ಇರುತ್ತದೆ, ತೇವವೂ ಉಳಿಯುತ್ತದೆ. ಅರೆಕೊಳೆತ ಗೊಬ್ಬರವನ್ನು ಮಾತ್ರ ಗಿಡದ ಬುಡಕ್ಕೆ ಹಾಕಬಾರದು, ಕರೆದು ಬಡಿಸಿದಂತಾಗುತ್ತದೆ. ದಂಟು ಬಿಟ್ಟರೆ ಕಾಟ ಪೂರ್ತಿ ನಿಲ್ಲುತ್ತದೆ ಅಂತ ಹೇಳಲ್ಲ, ಬರಗಾಲದಲ್ಲಿ ಗಿಡ ಹೋಗೇ ಹೋಗುತ್ತವೆ.

ಊರೊಳಗಿನ ಮನೆಯವರಿಗೂ ಒಂದು ಮಾತು. ಪಹಣಿ, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ ಇರುವ ಟ್ರಂಕನ್ನು ಗೋಡೆಗೆ ತಾಗಿಸದೆ ಕಲ್ಲಿನ ಮೇಲೆ ಎತ್ತಿಡಿ. ಸೋರುವ ನಲ್ಲಿ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಗೋಡೆಯಲ್ಲಿ ಮಣ್ಣಿನ ಕೊಳವೆ ಕಂಡರೆ ಎರಡಿಂಚು ಒಡೆದು, ಎರಡು ಮೂರು ದಿನ ಬಿಟ್ಟು ನೋಡಿ. ಹಸಿ ಮಣ್ಣು ಮತ್ತೆ ಮೆತ್ತಿದ್ದರೆ ಒಳಗೆ ಇನ್ನೂ ಓಡಾಟ ಇದೆ.