ಪವರ್ ಟಿಲ್ಲರ್: ಗೇರ್ ಕರಕರ ಸದ್ದು

ಬೆಲ್ಟ್‌ನಿಂದ ಓಡುವ ಹಳೆಯ ಪವರ್ ಟಿಲ್ಲರ್‌ಗಳಲ್ಲಿ ಗೇರ್ ಹಾಕುವಾಗ ಹಲ್ಲುಗಳು ಒಂದಕ್ಕೊಂದು ಉಜ್ಜಿ ಏಳುವ ಸದ್ದು. ಕರ್ನಾಟಕದಲ್ಲಿ ಈ ಯಂತ್ರ ಬೇರೂರಿದ್ದು, ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಎಸ್‌ಟಿ ಕಂಪನಿಯಿಂದ. ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಂಥ ಊರುಗಳ ಸಣ್ಣ ಹಿಡುವಳಿಗೆ ದೊಡ್ಡ ಟ್ರ್ಯಾಕ್ಟರಿಗಿಂತ ಇದು ಹೆಚ್ಚು ಒಗ್ಗುತ್ತದೆ.

ಎಂಜಿನ್ನಿನ ಶಕ್ತಿ ವಿ-ಬೆಲ್ಟ್‌ಗಳ ಮೂಲಕ ದೊಡ್ಡ ಪುಲ್ಲಿಗೆ, ಅದರೊಳಗಿನ ಕ್ಲಚ್ ಪ್ಲೇಟುಗಳ ಮೂಲಕ ಗೇರ್‌ಬಾಕ್ಸಿಗೆ ಹೋಗುತ್ತದೆ. ಕ್ಲಚ್ ಲಿವರ್ ಎಳೆದಾಗ ಪ್ಲೇಟುಗಳು ಪೂರ್ತಿ ಬಿಡಬೇಕು. ಬಿಡದಿದ್ದರೆ ಒಳಗಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಹಲ್ಲಿಗೆ ಹಲ್ಲು ಬಡಿಯುತ್ತದೆ. ಬಹುತೇಕ ದೋಷ ಇಲ್ಲೇ ಇರುತ್ತದೆ. ಗೇರ್‌ಬಾಕ್ಸ್ ಬಿಚ್ಚಲು ಆತುರಪಡುವುದು ದುಡ್ಡು ದಂಡ.

ಪರೀಕ್ಷೆ ಸುಲಭ. ಎಂಜಿನ್ ನಿಂತಿದ್ದಾಗ ಗೇರ್ ಸಲೀಸಾಗಿ ಬಿದ್ದು, ಓಡುವಾಗ ಮಾತ್ರ ಕಿರುಚಿದರೆ ಕ್ಲಚ್ಚನ್ನೇ ಅನುಮಾನಿಸಬೇಕು. ಎಂಜಿನ್ ನಿಲ್ಲಿಸಿ, ಬೆಲ್ಟ್ ಕವರ್ ತೆಗೆದು, ಮೊದಲು ಕ್ಲಚ್ ರಾಡಿನ ಸಡಿಲನ್ನು ಕೈಪಿಡಿಯ ಅಳತೆಗೆ ಹೊಂದಿಸಬೇಕು. ಆಮೇಲೂ ಸದ್ದು ನಿಲ್ಲದಿದ್ದರೆ ಪುಲ್ಲಿ ಬಿಚ್ಚಿ, ಎಣ್ಣೆ ಹತ್ತಿದ ಅಥವಾ ಸೊಟ್ಟಗಾದ ಪ್ಲೇಟುಗಳನ್ನು ಬದಲಿಸಬೇಕು. ಮತ್ತೆ ಜೋಡಿಸುವಾಗ ಬೆಲ್ಟ್ ಅತಿ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ.

ಎಂಜಿನ್ ನಿಂತಾಗಲೂ ಗೇರ್ ಬೀಳದಿದ್ದರೆ, ಗೇರನ್ನು ಸರಿಸುವ ಶಿಫ್ಟರ್ ಫೋರ್ಕ್ ನೋಡಬೇಕು. ಹಾಕಿದ ಗೇರ್ ತಾನೇ ಜಾರಿದರೆ ಅಥವಾ ಗೇರ್‌ಬಾಕ್ಸಿನಿಂದ ಬಸಿದ ಎಣ್ಣೆಯಲ್ಲಿ ಲೋಹದ ಚೂರು ಸಿಕ್ಕರೆ ಹಲ್ಲು ಸವೆದಿರುವ ಸಂಭವವೇ ಹೆಚ್ಚು. ಸವೆದ ಹಲ್ಲು ಹೊಂದಾಣಿಕೆಯಿಂದ ಸರಿಹೋಗುವುದಿಲ್ಲ, ಗೇರನ್ನೇ ಬದಲಿಸಬೇಕು.